ಮಲ್ಪೆಯ ಕಂಬಶಿಲೆಗಳಿಗೆ ಮರಡಿಹಳ್ಳಿಯ ಗತಿ ಬಾರದಿರಲಿ

ಮಾನ್ಯ ಸಂಪಾದಕರಿಗೆ,

ಉಡುಪಿ ಜಿಲ್ಲೆಯ ಮಲ್ಪೆಯ ಎದುರಿಗೆ ಕಡಲಿನಲ್ಲಿರುವ ಸೇಂಟ್ ಮೇರೀಸ್ ದ್ವೀಪಸಮೂಹವು 2025ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದ ಮೇಲೆ, ಆ ಬಗ್ಗೆ ಬಂದ ವರದಿಗಳನ್ನೂ ಅವುಗಳ ಬೆನ್ನಿಗೇ ಕೇಳಿಬರುತ್ತಿರುವ ಪ್ರವಾಸೋದ್ಯಮದ ಮಾತುಗಳನ್ನೂ ಗಮನಿಸುತ್ತ ಬಂದಿದ್ದೇನೆ. ಕರಾವಳಿಯ ವಿಚಾರಕ್ಕೆ ಚಿತ್ರದುರ್ಗದವನೊಬ್ಬ ಪತ್ರ ಬರೆಯುವುದೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾರಣವಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ನಮ್ಮ ರಾಜ್ಯದಲ್ಲಿ ಗುರುತಿಸಿರುವ ನಾಲ್ಕು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪೈಕಿ ಆ ದ್ವೀಪ ಒಂದಾದರೆ, ನಮ್ಮ ಜಿಲ್ಲೆಯ ಐಮಂಗಲ ಸಮೀಪದ ಮರಡಿಹಳ್ಳಿಯ ದಿಂಬು ಲಾವಾ (ನೀರಿನಡಿಯಲ್ಲಿ ದಿಂಬುಗಳಂತೆ ಗಟ್ಟಿಯಾದ ಲಾವಾಶಿಲೆ) ಇನ್ನೊಂದು. ಉಳಿದೆರಡು ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಮತ್ತು ಕೋಲಾರ ಸೀಮೆಯ ಪೆದ್ದಪಲ್ಲಿಯ ಶಿಲೆ. ಹೀಗೆ ‘ಸ್ಮಾರಕ’ ಎಂಬ ಹೆಸರು ಪಡೆದ ಒಂದು ಬಂಡೆಯ ಪಾಡನ್ನು ಹತ್ತಿರದಿಂದ ನೋಡಿದವನಾಗಿ, ಮಲ್ಪೆಯ ದ್ವೀಪದ ವಿಷಯದಲ್ಲಿ ಕೆಲವು ಮಾತುಗಳನ್ನು ತಮ್ಮ ಪತ್ರಿಕೆಯ ಮೂಲಕ ಹೇಳಬಯಸುತ್ತೇನೆ.

ಮಲ್ಪೆಯಿಂದ ಸುಮಾರು ಆರು ಕಿಲೋಮೀಟರ್ ದೂರದಲ್ಲಿ, ದಡಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಉತ್ತರ–ದಕ್ಷಿಣಕ್ಕೆ ಹರಡಿಕೊಂಡಿರುವ ಈ ಸಮೂಹದಲ್ಲಿ ನಾಲ್ಕು ಮುಖ್ಯ ದ್ವೀಪಗಳಿವೆ. ಜನವಸತಿ ಇಲ್ಲ. ಪ್ರವಾಸಿಗರು ಇಳಿಯುವ ದ್ವೀಪವು ಸುಮಾರು 500 ಮೀಟರ್ ಉದ್ದ, 100 ಮೀಟರ್ ಅಗಲದ ಒಂದು ತುಣುಕು ನೆಲ. ಅದರ ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ ಹತ್ತು ಮೀಟರ್ ಆಸುಪಾಸಿನಲ್ಲಿದೆ. ಮೇಲೆಲ್ಲ ತೆಂಗಿನ ಮರಗಳು ತುಂಬಿರುವುದರಿಂದ ಅದನ್ನು ತೆಂಗಿನ ದ್ವೀಪ ಎಂದೇ ಕರೆಯುತ್ತಾರೆ. ಮರಳಿನ ದಂಡೆಯನ್ನು ನಿರೀಕ್ಷಿಸಿ ಹೋದವರಿಗೆ ಅಲ್ಲಿ ಸಿಗುವುದು ಕಾಲಡಿ ಕರಕರ ಎನ್ನುವ ಚಿಪ್ಪಿನ ರಾಶಿ. ಮಳೆಗಾಲದಲ್ಲಿ ಕಡಲು ಕೆರಳಿರುವ ಕಾರಣ ದೋಣಿಗಳು ಹೋಗುವುದಿಲ್ಲ. ವರ್ಷದ ಆ ಕೆಲವು ತಿಂಗಳು ದ್ವೀಪ ತನ್ನಷ್ಟಕ್ಕೆ ತಾನಿರುತ್ತದೆ.

ಆದರೆ ಆ ದ್ವೀಪದ ಹಿರಿಮೆ ತೆಂಗಿನದೂ ಅಲ್ಲ, ಚಿಪ್ಪಿನದೂ ಅಲ್ಲ. ಪಶ್ಚಿಮದ ಅಂಚಿಗೆ ನಡೆದರೆ ಕಡಲಿನಿಂದ ನೇರವಾಗಿ ಎದ್ದು ನಿಂತ ಕಲ್ಲಿನ ಕಂಬಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ಕಾಣುತ್ತವೆ. ಕೆಲವು ಆಳೆತ್ತರಕ್ಕೂ ಮೀರಿದವು, ಕೆಲವು ಮೊಣಕಾಲಿನ ಮಟ್ಟದಲ್ಲಿ ಮುರಿದವು. ಮುರಿದ ಕಂಬದ ತಲೆಯನ್ನು ಬಗ್ಗಿ ನೋಡಿದರೆ ಆರು ಮೂಲೆಗಳು ಎಣಿಕೆಗೆ ಸಿಗುತ್ತವೆ; ಪಕ್ಕದ್ದರಲ್ಲಿ ಐದೇ ಇರಬಹುದು, ಅದರಾಚೆಯದರಲ್ಲಿ ಏಳು. ಕಂಬ ಕಂಬಗಳ ನಡುವಿನ ಬಿರುಕು ಎಷ್ಟು ಸಪೂರವೆಂದರೆ ಹಲವೆಡೆ ಚಾಕುವಿನ ಅಲಗೂ ತೂರುವುದಿಲ್ಲ. ಅಲೆ ಬಡಿದ ಕಡೆ ಕಲ್ಲು ಕಪ್ಪಾಗಿ ನುಣುಪೇರಿದೆ. ಅಲೆ ಮುಟ್ಟದ ಕಡೆ ಬೂದು ಬಣ್ಣಕ್ಕೆ ತಿರುಗಿ ಒರಟಾಗಿದೆ, ಭೂತಗನ್ನಡಿ ಹಿಡಿದರೆ ಆ ಒರಟಿನ ನಡುವೆ ಸಣ್ಣ ಹರಳುಗಳು ಕಣ್ಣಿಗೆ ಬೀಳುತ್ತವೆ. ಶಾಲಾ ಪ್ರವಾಸದಲ್ಲಿ ನಮ್ಮ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ ಇದನ್ನು ಕೆತ್ತಿದವರು ಯಾರು ಎಂಬುದು. ಏಳುಸುತ್ತಿನ ಕೋಟೆಯ ಕೆಳಗೆ ಬೆಳೆದ ಮಕ್ಕಳಿಗೆ ಇಷ್ಟು ನೇರಾನೇರ ನಿಂತ ಕಲ್ಲು ಕಂಡರೆ ಒಡ್ಡರ ಉಳಿ–ಸುತ್ತಿಗೆಗಳೇ ನೆನಪಾಗುವುದು ಸಹಜ.

ಕೆತ್ತಿದವರಿಲ್ಲ. ಬಿಸಿ ಲಾವಾ ಹರಿದು ದಪ್ಪನೆಯ ಹಾಸಾಗಿ ನಿಂತ ಮೇಲೆ, ಗಾಳಿ ತಾಗುವ ಮೇಲ್ಮೈಯಿಂದಲೂ ತಣ್ಣನೆಯ ನೆಲ ತಾಗುವ ತಳದಿಂದಲೂ ಅದು ಆರತೊಡಗುತ್ತದೆ. ಆರುವ ವಸ್ತು ಕುಗ್ಗುತ್ತದೆ, ಕುಗ್ಗಿದಾಗ ಬಿರಿಯುತ್ತದೆ. ಬೇಸಗೆಯಲ್ಲಿ ನಮ್ಮ ಕಡೆಯ ಕೆರೆಯಂಗಳ ಒಣಗಿ ಹೆಕ್ಕಳಿಕೆಯಾಗಿ ಬಿರಿಯುವುದನ್ನು ಕಂಡವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ವ್ಯತ್ಯಾಸವೇನೆಂದರೆ ಕೆರೆಯ ಕೆಸರಿನಲ್ಲಿ ಬಿರುಕು ಗೇಣುದ್ದಕ್ಕೆ ನಿಂತುಬಿಡುತ್ತದೆ. ಲಾವಾದಲ್ಲಿ ಅದು ತಂಪು ಒಳಗಿಳಿದಂತೆಲ್ಲ ತಾನೂ ಇಳಿಯುತ್ತ, ಹಾಸಿನ ಒಡಲನ್ನು ಉದ್ದುದ್ದ ಕಂಬಗಳಾಗಿ ಸೀಳುತ್ತದೆ. ಕುಗ್ಗುವಿಕೆಯ ಎಳೆತ ಎಲ್ಲ ದಿಕ್ಕಿಗೂ ಸಮನಾಗಿದ್ದರೆ ಕಡಿಮೆ ಬಿರುಕಿನಲ್ಲಿ ಹೆಚ್ಚು ಬಿಗಿತ ಕಳೆಯುವ ಆಕೃತಿ ಷಟ್ಕೋನವೇ ಆದ್ದರಿಂದ ಆರು ಮೂಲೆಯ ಕಂಬಗಳೇ ಅಲ್ಲಿ ಹೆಚ್ಚು. ಪ್ರವಾಸಿ ಕೈಪಿಡಿಗಳು ಈ ಶಿಲೆಯನ್ನು ಬಸಾಲ್ಟ್, ಅಂದರೆ ಸಿಲಿಕಾ ಕಡಿಮೆಯಿರುವ ಕಪ್ಪು ಲಾವಾಶಿಲೆ, ಎಂದು ಬರೆಯುತ್ತವೆ. ಇದನ್ನು ತಿದ್ದಿಕೊಳ್ಳುವುದು ಒಳ್ಳೆಯದು: ದ್ವೀಪದ ಶಿಲೆಯಲ್ಲಿ ಸಿಲಿಕಾ ಅಂಶ ಹೆಚ್ಚಾಗಿದ್ದು, ಅದು ರಯೋಲೈಟ್ ಮತ್ತು ಡೇಸೈಟ್ ಎಂಬ ಲಾವಾಶಿಲೆಗಳ ಜಾತಿಗೆ ಸೇರುತ್ತದೆ. ದಖನ್ನಿನ ಬಸಾಲ್ಟ್‌ಗೂ ಇದಕ್ಕೂ ಹುಟ್ಟಿನಲ್ಲೂ ಕಾಲದಲ್ಲೂ ಸಂಬಂಧವಿಲ್ಲ.

ಆ ಕಾಲದ ಮಾತೇ ಈ ದ್ವೀಪವನ್ನು ಜಗತ್ತಿನ ಭೂವಿಜ್ಞಾನಿಗಳಿಗೆ ಪರಿಚಿತವಾಗಿಸಿದ್ದು. ದಖನ್ನಿನ ಲಾವಾ ಹೊಮ್ಮಿದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಸೇಂಟ್ ಮೇರೀಸ್ ಶಿಲೆಯ ವಯಸ್ಸನ್ನು ಬೇರೆ ಬೇರೆ ವಿಧಾನಗಳಿಂದ ಅಳೆದವರು 8.5 ಕೋಟಿಯಿಂದ 9.3 ಕೋಟಿ ವರ್ಷಗಳ ನಡುವಿನ ಅಂಕಿಗಳನ್ನು ಕೊಟ್ಟಿದ್ದಾರೆ. ಅದು ಭಾರತವೂ ಮಡಗಾಸ್ಕರ್ ದ್ವೀಪವೂ ಒಂದೇ ಭೂಖಂಡದ ಭಾಗವಾಗಿದ್ದು, ಪರಸ್ಪರ ಕಳಚಿಕೊಳ್ಳುತ್ತಿದ್ದ ಕಾಲ. ಅದೇ ಅವಧಿಯ ಜ್ವಾಲಾಮುಖಿ ಶಿಲೆಗಳು ಮಡಗಾಸ್ಕರ್‌ನಲ್ಲಿ ವಿಶಾಲವಾಗಿ ಹರಡಿವೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಆ ಘಟನೆಯ ಗುರುತಾಗಿ ಮೇಲೆದ್ದು ನಿಂತಿರುವುದು ಮುಖ್ಯವಾಗಿ ಈ ಕೆಲವು ತುಣುಕು ನೆಲ. ಅಂದರೆ ಮಲ್ಪೆಯ ಕಂಬದ ಮೇಲೆ ಕುಳಿತು ಪಡುವಣಕ್ಕೆ ನೋಡುವವನ ಮುಂದಿರುವ ಕಡಲು, ಆ ಕಲ್ಲು ಆರುತ್ತಿದ್ದ ಕಾಲಕ್ಕೆ ಇನ್ನೂ ಹುಟ್ಟಿಯೇ ಇರಲಿಲ್ಲವೆನ್ನಬೇಕು. ಇಷ್ಟು ದೊಡ್ಡ ಸಂಗತಿಗೆ ಇಷ್ಟು ಚಿಕ್ಕ ಸಾಕ್ಷಿ ಇರುವಾಗ ಅದರ ಒಂದೊಂದು ಚದರಡಿಗೂ ಬೆಲೆಯಿದೆ.

ಮನುಷ್ಯರ ಚರಿತ್ರೆಯೂ ದ್ವೀಪಕ್ಕೆ ಇಲ್ಲದಿಲ್ಲ. 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಯಿಂದ ಹಿಂದಿರುಗುವ ದಾರಿಯಲ್ಲಿ ಈ ಕರಾವಳಿಯ ನಡುಗಡ್ಡೆಯೊಂದರಲ್ಲಿ ಸಾಂತಾ ಮರಿಯಾಳ ಹೆಸರಿನಲ್ಲಿ ಶಿಲುಬೆಯ ಕಂಬ ನೆಡಿಸಿದ್ದನ್ನು ಆ ಪಯಣದ ದಿನಚರಿ ದಾಖಲಿಸಿದೆ. ದ್ವೀಪದ ಈಗಿನ ಹೆಸರಿಗೆ ಅದೇ ಮೂಲ. ಸಮೂಹದ ಇನ್ನೊಂದು ದ್ವೀಪಕ್ಕೆ ದರಿಯಾಬಹಾದ್ದೂರ್‌ಗಡ ಎಂದು ಹೆಸರು. ಅಲ್ಲಿನ ಕೋಟೆಯನ್ನು ಬಿದನೂರಿನ ಬಸಪ್ಪ ನಾಯಕ ಕಟ್ಟಿಸಿದನೆಂದು ಹೇಳುತ್ತಾರೆ. ನಮ್ಮ ಪಾಳೆಯಗಾರರಿಗೂ ಬಿದನೂರಿನವರಿಗೂ ಇದ್ದ ಹಳೆಯ ವೈರವನ್ನು ಬಲ್ಲ ಚಿತ್ರದುರ್ಗದ ಹಿರಿಯರು ಇದನ್ನು ಓದಿ ನಕ್ಕಾರು.

ಇನ್ನು ಈಗಿನ ಸ್ಥಿತಿ. ರಜೆಯ ದಿನಗಳಲ್ಲಿ ಆ ಸಣ್ಣ ದ್ವೀಪದಲ್ಲಿ ಇಳಿಯುವ ಜನರನ್ನು ಕಂಡರೆ ದಿಗಿಲಾಗುತ್ತದೆ. ಬಂದವರು ನೀರಾಟ ಆಡುತ್ತಾರೆ, ಕಂಬಗಳ ಮೇಲೆ ಹತ್ತಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ತಿಂಡಿಯ ಪೊಟ್ಟಣವನ್ನು ಬಿರುಕಿಗೆ ತುರುಕುತ್ತಾರೆ, ಮೊನಚು ಕಲ್ಲಿನಿಂದ ತಮ್ಮ ಹೆಸರನ್ನೂ ತಮಗೆ ಬೇಕಾದವರ ಹೆಸರನ್ನೂ ಕೆರೆಯುತ್ತಾರೆ. ಪಾಚಿಗಟ್ಟಿದ ಬಂಡೆಯ ಮೇಲೆ ಜಾರಿ, ಅಲೆಗೆ ಸಿಕ್ಕಿ ಪ್ರಾಣ ಕಳೆದುಕೊಂಡವರ ಸುದ್ದಿಯನ್ನೂ ತಮ್ಮ ಪತ್ರಿಕೆಯಲ್ಲೇ ಓದಿದ್ದೇವೆ. ಬಂದವರನ್ನು ದೂರಿ ಪ್ರಯೋಜನವಿಲ್ಲ. ತಾವು ನಿಂತಿರುವುದು ಯಾವುದರ ಮೇಲೆ ಎಂದು ಅವರಿಗೆ ಯಾರೂ ಹೇಳಿಲ್ಲ. ನಮ್ಮ ಕೋಟೆಗೆ ಬಂದವರನ್ನು ಮಾರ್ಗದರ್ಶಿಗಳು ಓಬವ್ವನ ಕಿಂಡಿಯ ಮುಂದೆ ನಿಲ್ಲಿಸಿ ಕಥೆ ಹೇಳುತ್ತಾರೆ, ಕೇಳಿದ ಮಗು ಆ ಕಿಂಡಿಯನ್ನು ಜನ್ಮಪೂರ್ತಿ ಮರೆಯುವುದಿಲ್ಲ. ಮಲ್ಪೆಯ ದ್ವೀಪದಲ್ಲಿ ಅಂಥ ಒಂದು ಬಾಯಿ ನನಗೆ ಕೇಳಿಸಿದ್ದಿಲ್ಲ. ಇದ್ದದ್ದು ಬಿಸಿಲಿಗೆ ಬಣ್ಣ ಮಾಸಿದ ಫಲಕ. ಅದರ ಕೆಳಗೆ ಚಪ್ಪಲಿ ಬಿಟ್ಟು ಜನ ನೀರಿಗಿಳಿಯುತ್ತಿದ್ದರು.

ಕಲ್ಲಿಗೇನು ಕೇಡು ಎನ್ನುವವರಿಗೆ ಒಂದು ಉದಾಹರಣೆ ಹೇಳುತ್ತೇನೆ. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ ಎಂಬಲ್ಲಿ ಸುಮಾರು 40,000 ಇಂಥವೇ ಕಂಬಗಳಿವೆ. 1986ರಲ್ಲೇ ಅದು ವಿಶ್ವಪರಂಪರೆಯ ಪಟ್ಟಿ ಸೇರಿತು. ಅಲ್ಲಿಗೆ ಬರುವವರು ಹರಕೆಯಂತೆ ಬಿರುಕುಗಳಲ್ಲಿ ನಾಣ್ಯ ಸಿಕ್ಕಿಸುವ ರೂಢಿ ಬೆಳೆಸಿಕೊಂಡರು. ಉಪ್ಪುಗಾಳಿಗೆ ನಾಣ್ಯ ತುಕ್ಕು ಹಿಡಿದು ಉಬ್ಬಿ, ಅಲೆಯ ಪೆಟ್ಟು ತಿಂದೂ ಉಳಿದ ಕೋಟ್ಯಂತರ ವರ್ಷ ಹಳೆಯ ಕಲ್ಲಿನ ಅಂಚು ಸಿಬಿರೇಳತೊಡಗಿತು, ತುಕ್ಕಿನ ಕಲೆ ಕಂಬದುದ್ದಕ್ಕೂ ಇಳಿಯಿತು. 2025ರಲ್ಲಿ ಅಲ್ಲಿನ ನಿರ್ವಾಹಕರು ನಾಣ್ಯ ಹಾಕಬೇಡಿ ಎಂದು ಕೈಮುಗಿದು ಕೇಳಿಕೊಳ್ಳಬೇಕಾಯಿತು. ಪಟ್ಟಿಯಲ್ಲಿ ನಾಲ್ಕು ದಶಕ ಕಳೆದ, ನಿತ್ಯ ಕಾವಲಿರುವ ತಾಣದ ಪಾಡು ಅದು. ನಮ್ಮದು ಅದಕ್ಕಿಂತ ಎಷ್ಟೋ ಸಣ್ಣದು.

ಈಗ ಮರಡಿಹಳ್ಳಿಯ ಮಾತಿಗೆ ಬರುತ್ತೇನೆ. ಚಿತ್ರದುರ್ಗದಿಂದ ಆಗ್ನೇಯಕ್ಕೆ ಸುಮಾರು 16 ಕಿಲೋಮೀಟರ್ ದೂರದ ಈ ಜಾಗದಲ್ಲಿ ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಲಾವಾ ಹೊಮ್ಮಿತು. ನೀರು ತಾಗಿದ ಕೂಡಲೇ ಹೊರಸಿಪ್ಪೆ ಗಟ್ಟಿಯಾಗಿ, ಒಳಗಿನದು ಇನ್ನೂ ಕರಗಿಯೇ ಇದ್ದು, ಉಂಡೆಯುಂಡೆಯಾಗಿ ಒಂದರ ಮೇಲೊಂದು ಕುಳಿತವು. ಪ್ರತಿ ದಿಂಬಿನ ಮೇಲ್ಭಾಗ ದುಂಡಗಿದ್ದು, ಕೆಳಭಾಗ ತನ್ನಡಿಯ ಎರಡು ದಿಂಬುಗಳ ಸಂದಿಗೆ ಇಳಿದು ಚೂಪಾಗಿರುತ್ತದೆ. ಆ ಚೂಪನ್ನು ನೋಡಿಯೇ ಈ ಶಿಲಾಪದರಕ್ಕೆ ಮೂಲದಲ್ಲಿ ಯಾವುದು ಮೇಲು, ಯಾವುದು ಕೆಳಗು ಎಂದು ಭೂವಿಜ್ಞಾನಿಗಳು ನಿರ್ಧರಿಸುತ್ತಾರೆ. ಬೋರ್‌ವೆಲ್‌ಗೂ ನೀರು ಸಿಗದೆ ಪರದಾಡುವ ಐಮಂಗಲದ ಸೀಮೆ ಒಂದು ಕಾಲಕ್ಕೆ ಕಡಲತಳವಾಗಿತ್ತೆಂಬುದಕ್ಕೆ ಇದಕ್ಕಿಂತ ಕಣ್ಣಿಗೆ ಕಾಣುವ ಸಾಕ್ಷಿ ಬೇರಿಲ್ಲ.

ಮರಡಿಹಳ್ಳಿಯ ಶಿಲೆಗೆ ಸ್ಮಾರಕದ ಪಟ್ಟ ಸಿಕ್ಕಿದ್ದು 1970ರ ದಶಕದಲ್ಲಿ. ಅರ್ಧ ಶತಮಾನವಾಗುತ್ತ ಬಂದ ಈ ಪಟ್ಟದಿಂದ ನಮ್ಮ ಜಿಲ್ಲೆಯ ಜನರಿಗೆ ಆದದ್ದೇನು? ಹೊರರಾಜ್ಯಗಳಿಂದ ಭೂವಿಜ್ಞಾನದ ವಿದ್ಯಾರ್ಥಿಗಳು ಹುಡುಕಿಕೊಂಡು ಬರುತ್ತಾರೆ. ಹೆದ್ದಾರಿಯ ಚಹಾದಂಗಡಿಯಲ್ಲಿ ದಾರಿ ಕೇಳಿದರೆ ‘ಅಲ್ಲಿ ಕಲ್ಲು ಬಿಟ್ರೆ ಏನೂ ಇಲ್ಲ ಸಾರ್’ ಎಂಬ ಉತ್ತರ ಸಿಗುತ್ತದೆ. ಕೋಟೆ ನೋಡಲು ಬಂದ ಬಸ್ಸುಗಳ ಪೈಕಿ ಆ ಕಡೆ ತಿರುಗುವ ಒಂದನ್ನೂ ನಾನು ಕಂಡಿಲ್ಲ. ನಮ್ಮ ಶಾಲೆಗಳಲ್ಲಿ ಅಗ್ನಿಶಿಲೆಯ ಪಾಠ ಮಾಡುವಾಗ ಕಪ್ಪುಹಲಗೆಯ ಮೇಲೆ ಚಿತ್ರ ಬರೆಯುತ್ತೇವೆಯೇ ಹೊರತು, ಒಂದು ಗಂಟೆಯೊಳಗೆ ಮುಟ್ಟಿ ನೋಡಬಹುದಾದ ಕಲ್ಲಿನ ಬಳಿಗೆ ಮಕ್ಕಳನ್ನು ಕರೆದೊಯ್ಯುವುದಿಲ್ಲ.

ಇದರ ಹಿಂದೆ ಉದಾಸೀನದ ಜೊತೆಗೆ ಕಾನೂನಿನ ಕೊರತೆಯೂ ಇದೆ. ನಮ್ಮದೇ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವರು ಗುರುತಿಸಿದ ಅಶೋಕನ ಶಾಸನದ ಬಂಡೆಗೆ ಸೂರಿದೆ, ಕಾಯ್ದೆಯ ಬೆಂಬಲವಿದೆ. ಏಳುಸುತ್ತಿನ ಕೋಟೆಯಂಥ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರ್‌ವರೆಗೆ ಅನುಮತಿ ಬೇಕು. ಇದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಾದ ತಿದ್ದುಪಡಿಯ ಫಲ. ಮನುಷ್ಯನ ಕೈ ತಾಗಿದ ಕಲ್ಲಿಗೆ ಸಿಕ್ಕಿದ ಈ ರಕ್ಷಣೆ ಮನುಷ್ಯನೇ ಇಲ್ಲದಿದ್ದ ಕಾಲದ ಕಲ್ಲಿಗೆ ಸಿಕ್ಕಿಲ್ಲ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂಬುದು ಗೌರವದ ಹೆಸರು. ಅದರ ಹಿಂದೆ ತನ್ನದೇ ಆದ ಕಾಯ್ದೆ ಇಲ್ಲ. ಭೂಪರಂಪರೆಯ ತಾಣಗಳ ಸಂರಕ್ಷಣೆಗೆಂದು ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ಮಸೂದೆಯ ಕರಡನ್ನು ಪ್ರಕಟಿಸಿತು. ಅಧಿಕಾರವೆಲ್ಲ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೊಂದರ ಕೈಗೇ ಹೋಗುತ್ತದೆಂದು ಕೆಲವು ವಿಜ್ಞಾನಿಗಳು ಆಕ್ಷೇಪಿಸಿದರು. ಆಕ್ಷೇಪ ಸರಿಯಾದದ್ದೇ ಇರಬಹುದು, ತಿದ್ದಿ ತರಬಹುದಿತ್ತು. ಅದು ಕಾಯ್ದೆಯಾಗಿ ಬರಲೇ ಇಲ್ಲ. ಕರಾವಳಿ ನಿಯಂತ್ರಣ ವಲಯದ ನಿಯಮಗಳಿಂದ ದ್ವೀಪಕ್ಕೆ ಒಂದಿಷ್ಟು ಆಸರೆ ಸಿಗುತ್ತದೆ ನಿಜ. ಆದರೆ ಅವುಗಳ ಗುರಿ ದಂಡೆಯ ಬಳಕೆಯನ್ನು ಹದ್ದಿನಲ್ಲಿಡುವುದು, ಕಂಬದ ಮೇಲೆ ಹೆಸರು ಕೆರೆಯುವವನನ್ನು ತಡೆಯುವುದಲ್ಲ.

ತಾತ್ಕಾಲಿಕ ಪಟ್ಟಿಗೆ ಸೇರಿದೊಡನೆ ವಿಶ್ವಪರಂಪರೆಯ ಮಾನ್ಯತೆ ಸಿಕ್ಕಿತೆಂದು ಸಂಭ್ರಮಿಸಿದವರಿದ್ದಾರೆ. ಆ ಪಟ್ಟಿ ಮುಂದೆ ನಾಮನಿರ್ದೇಶನ ಮಾಡಲು ದೇಶವೇ ಆರಿಸಿ ಕೊಟ್ಟ ತಾಣಗಳ ಯಾದಿ, ಅಷ್ಟೆ. ಈ ಸಲ ಸೇರಿದ ಏಳು ಪ್ರಾಕೃತಿಕ ತಾಣಗಳೊಂದಿಗೆ ಭಾರತದ ತಾತ್ಕಾಲಿಕ ಪಟ್ಟಿಯಲ್ಲಿ 69 ತಾಣಗಳಾದವು. ಪಂಚಗಣಿ–ಮಹಾಬಳೇಶ್ವರದ ಲಾವಾ ಹಾಸುಗಳು, ತಿರುಮಲ ಬೆಟ್ಟ, ವರ್ಕಲದ ಕಡಲಂಚಿನ ಬಂಡೆಗಳು ಸೇಂಟ್ ಮೇರೀಸ್ ಜೊತೆಗೇ ಸೇರಿದವು. ನಮ್ಮ ಹೊಯ್ಸಳ ದೇವಾಲಯಗಳು 2014ರಲ್ಲಿ ತಾತ್ಕಾಲಿಕ ಪಟ್ಟಿಗೆ ಬಂದು, ಅಂತಿಮ ಪಟ್ಟಿ ಸೇರಿದ್ದು 2023ರಲ್ಲಿ. ಬೇಲೂರು–ಹಳೇಬೀಡಿಗೇ ಒಂಬತ್ತು ವರ್ಷ ಹಿಡಿದಿರುವಾಗ, ನಿರ್ವಹಣಾ ಯೋಜನೆ, ಗಡಿ ಗುರುತು, ಕಾನೂನಿನ ರಕ್ಷಣೆ ಇವೆಲ್ಲವನ್ನೂ ಕಾಗದದ ಮೇಲೆ ತೋರಿಸಬೇಕಾದ ದ್ವೀಪಕ್ಕೆ ದಾರಿ ಇನ್ನೂ ದೂರವಿದೆ. ಭೂವೈಜ್ಞಾನಿಕ ಮಹತ್ವದ ಮಾನದಂಡದ ಮೇಲೆ ಭಾರತದ ಯಾವ ತಾಣವೂ ಇದುವರೆಗೆ ಅಂತಿಮ ಪಟ್ಟಿ ಸೇರಿಲ್ಲ ಎಂಬುದನ್ನೂ ನೆನೆಯಬೇಕು. ಆ ಅವಕಾಶ ಕರ್ನಾಟಕದ ಪಾಲಿಗೆ ಬರಬಹುದೆಂಬ ಆಸೆ ನನಗೂ ಇದೆ. ಆದರೆ ಆ ಅವಧಿಯಲ್ಲಿ ದ್ವೀಪಕ್ಕೆ ಹೋಗುವ ದೋಣಿಗಳನ್ನಷ್ಟೇ ಹೆಚ್ಚಿಸುತ್ತ ಹೋದರೆ, ಪರಿಶೀಲನೆಗೆ ತಜ್ಞರು ಬರುವ ಹೊತ್ತಿಗೆ ತೋರಿಸಲು ಉಳಿಯುವುದೇನು?

ಆದ್ದರಿಂದ ಸಂಬಂಧಪಟ್ಟವರಲ್ಲಿ ನನ್ನ ವಿನಂತಿ ದೊಡ್ಡ ಯೋಜನೆಗಳದ್ದಲ್ಲ. ದ್ವೀಪದ ಮೇಲೆ ಹೊಸ ಕಟ್ಟಡ, ಕಾಂಕ್ರೀಟ್ ಕಟ್ಟೆ, ಬಣ್ಣದ ದೀಪ ಯಾವುದೂ ಬೇಡ. ವಿವರಣಾ ಕೇಂದ್ರ ಬೇಕಿದ್ದರೆ ಮಲ್ಪೆಯ ದಡದಲ್ಲಿ ಆಗಲಿ. ಟಿಕೆಟ್ ಪಡೆದವರು ದೋಣಿಗಾಗಿ ಕಾಯುವ ಹೊತ್ತಿನಲ್ಲಿ ಕಂಬ ಹೇಗಾಯಿತು, ಮಡಗಾಸ್ಕರ್ ಹೇಗೆ ಕಳಚಿತು ಎಂಬುದನ್ನು ಕನ್ನಡದಲ್ಲಿ ನೋಡಿ ತಿಳಿಯುವಂತಾಗಲಿ. ದೋಣಿ ನಡೆಸುವ ಮೊಗವೀರ ಬಂಧುಗಳಿಗೆ ಆ ನೀರಿನ ಸೆಳೆತವೂ ಉಬ್ಬರ–ಇಳಿತದ ಹೊತ್ತೂ ನಮ್ಮ ಯಾವ ಪುಸ್ತಕಕ್ಕಿಂತ ಚೆನ್ನಾಗಿ ಗೊತ್ತು. ಕಲ್ಲಿನ ಕಥೆಯನ್ನೂ ನಾಲ್ಕು ದಿನ ಕೂತು ಹೇಳಿಕೊಟ್ಟು, ಅದಕ್ಕೆ ತಕ್ಕ ಗೌರವಧನ ಗೊತ್ತುಮಾಡಿದರೆ ಅವರಿಗಿಂತ ಒಳ್ಳೆಯ ಮಾರ್ಗದರ್ಶಿಗಳು ಸಿಗಲಾರರು. ದೋಣಿಯಲ್ಲಿ ಕುಳಿತವರು ಎದ್ದು ಹೋಗುವಂತೆಯೂ ಇಲ್ಲ, ಆ ಇಪ್ಪತ್ತು–ಮೂವತ್ತು ನಿಮಿಷ ಕೇಳಲೇಬೇಕು. ಎತ್ತರದ ಕಂಬಗಳಿರುವ ಪಶ್ಚಿಮದ ಅಂಚಿಗೆ ಹತ್ತುವುದನ್ನು ನಿಲ್ಲಿಸಿ, ಒಂದು ದೂರದಿಂದ ನೋಡುವ ಏರ್ಪಾಡು ಮಾಡಬೇಕು. ಜೀವಾಪಾಯ ತಪ್ಪಿಸಲಿಕ್ಕೂ ಅದೇ ದಾರಿ. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯನ್ನು ದೋಣಿಯವರೊಂದಿಗೆ ಕೂತು, ಅವರ ಹೊಟ್ಟೆಪಾಡಿಗೆ ಕಲ್ಲು ಬೀಳದಂತೆ ನಿಗದಿ ಮಾಡಬೇಕು. ಜನ ಇಳಿಯದ ಉಳಿದ ದ್ವೀಪಗಳನ್ನು ಈಗಿರುವಂತೆಯೇ ಬಿಡಬೇಕು.

ರಾಜ್ಯ ಸರ್ಕಾರಕ್ಕೆ ಇನ್ನೊಂದು ಮಾತು. ಕೇಂದ್ರದ ಕಾಯ್ದೆಗಾಗಿ ಕಾಯುತ್ತ ಕೂರದೆ, ನಾಲ್ಕೂ ಭೂಸ್ಮಾರಕಗಳಿಗೆ ಅನ್ವಯಿಸುವ ಒಂದು ನಿಯಮಾವಳಿಯನ್ನು ರಾಜ್ಯವೇ ರೂಪಿಸಲು ಸಾಧ್ಯವೇ ಎಂದು ಕಾನೂನು ಬಲ್ಲವರಿಂದ ಪರಿಶೀಲಿಸಬೇಕು. ಮೈಸೂರು ಸಂಸ್ಥಾನದಲ್ಲಿ 1894ರಷ್ಟು ಹಿಂದೆಯೇ ಭೂವಿಜ್ಞಾನ ಇಲಾಖೆ ಇತ್ತು; ಈ ನಾಡಿನ ಕಲ್ಲಿನ ಬಗ್ಗೆ ಅದು ಕೂಡಿಟ್ಟ ಬರಹಕ್ಕೆ ಲೆಕ್ಕವಿಲ್ಲ. ಅದರ ಸಾರವನ್ನು ಸುಲಭ ಕನ್ನಡಕ್ಕೆ ತಂದು ನಾಲ್ಕು ತಾಣಗಳಲ್ಲೂ ಇಡುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳ ಭೂವಿಜ್ಞಾನ ವಿಭಾಗಗಳಿಗೆ ವಹಿಸಬಹುದು. ಧರ್ಮಸ್ಥಳ–ಉಡುಪಿ–ಮಲ್ಪೆ ಎಂದು ಡಿಸೆಂಬರ್‌ನಲ್ಲಿ ಹೊರಡುವ ಚಿತ್ರದುರ್ಗ–ದಾವಣಗೆರೆಯ ಶಾಲಾ ಬಸ್ಸುಗಳು, ಆಗುಂಬೆ ಘಾಟಿ ಇಳಿಯುವ ಮೊದಲು ಒಂದು ದಿನ ಮರಡಿಹಳ್ಳಿಗೂ ಹೋಗಿ ಬರುವಂತೆ ನಮ್ಮ ಎರಡೂ ಜಿಲ್ಲೆಗಳ ಶಿಕ್ಷಣ ಅಧಿಕಾರಿಗಳು ಸೂಚನೆ ಕೊಟ್ಟರೆ ಅದಕ್ಕೆ ಖರ್ಚೂ ಹೆಚ್ಚಿಲ್ಲ, ಮಸೂದೆಯೂ ಬೇಕಿಲ್ಲ. ಈ ಶೈಕ್ಷಣಿಕ ವರ್ಷದ ಪ್ರವಾಸದ ಪಟ್ಟಿ ಸಿದ್ಧವಾಗುವ ಮುನ್ನ ಅಂಥದೊಂದು ಸುತ್ತೋಲೆ ಹೊರಬೀಳಲೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕ,
ಚಿತ್ರದುರ್ಗ